ಸನ್ಮಾನಿತರಿಗೇ ಚೀಟಿ ಕೊಡುವ ಸಮಾರಂಭ

ಸನ್ಮಾನ ಸಮಾರಂಭಗಳ ವಿಷಯದಲ್ಲಿ ಹೊರನಾಡ ಕನ್ನಡಿಗರಾದ ನಮಗೆ ಅನುಭವದ ಕೊರತೆಯಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಅಭಿನಂದನಾ ಪತ್ರದ ವಾಚನ ಇವೆಲ್ಲವನ್ನೂ ಬಲ್ಲೆವು. ಮುಖ್ಯ ಅತಿಥಿಗಳ ಮಾತು ಲಂಗುಲಗಾಮಿಲ್ಲದೆ ಓಡತೊಡಗಿದಾಗ ನಿರೂಪಕರು ಮೆಲ್ಲನೆ ಚೀಟಿಯೊಂದನ್ನು ಮುಂದೆ ಸರಿಸುವುದನ್ನೂ ಬಲ್ಲೆವು. ಆದರೆ ಆ ಚೀಟಿ ಸನ್ಮಾನಿತರ ಕೈಗೆ ಹೋಗಬಾರದು. ಸಭೆ ಕೂಡಿರುವುದೇ ಅವರಿಗಾಗಿ. ವಿಡಿಯೋ ಗೇಮ್ ಉದ್ಯಮದ ಅತ್ಯಂತ ವೈಭವದ ವಾರ್ಷಿಕ ಪ್ರಶಸ್ತಿ ಪ್ರದಾನವಾದ ‘ದಿ ಗೇಮ್ ಅವಾರ್ಡ್ಸ್’ ಈ ಕನಿಷ್ಠ ಮರ್ಯಾದೆಯನ್ನೇ ಮರೆತಿದೆ ಎಂಬುದು ನಮ್ಮ ಆಕ್ಷೇಪ.

2014ರಲ್ಲಿ ಜೆಫ್ ಕೀಲಿ ಆರಂಭಿಸಿದ ಈ ಸಮಾರಂಭಕ್ಕೆ ಅವರೇ ನಿರ್ಮಾಪಕರು, ಅವರೇ ನಿರೂಪಕರು. ಈಗ ಪ್ರತಿ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆಯುತ್ತದೆ; ಅಂತರ್ಜಾಲದಲ್ಲಿ ಜಗತ್ತೆಲ್ಲ ಉಚಿತವಾಗಿ ನೋಡುತ್ತದೆ. ಬಹುಪಾಲು ಪ್ರಶಸ್ತಿಗಳ ಆಯ್ಕೆಯಲ್ಲಿ ಪತ್ರಿಕೆ ಮತ್ತು ಮಾಧ್ಯಮಗಳ ತೀರ್ಪುಗಾರರಿಗೆ ಶೇ. 90ರಷ್ಟು, ಸಾರ್ವಜನಿಕರಿಗೆ ಶೇ. 10ರಷ್ಟು ತೂಕವಿದೆ. ಆಯ್ಕೆಯ ವಿಧಾನದ ಬಗ್ಗೆ ನಮಗೆ ತಕರಾರಿಲ್ಲ. ಆಯ್ಕೆಯಾದವರನ್ನು ವೇದಿಕೆಯ ಮೇಲೆ ನಡೆಸಿಕೊಳ್ಳುವ ರೀತಿಯ ಬಗ್ಗೆ ಇದೆ.

2023ರ ಡಿಸೆಂಬರ್ 7ರಂದು ವರ್ಷದ ಶ್ರೇಷ್ಠ ಗೇಮ್ ಪ್ರಶಸ್ತಿ ‘ಬಾಲ್ಡರ್ಸ್ ಗೇಟ್ 3’ಕ್ಕೆ ಬಂತು. ಲೇರಿಯನ್ ಸ್ಟುಡಿಯೋದ ಸ್ವೆನ್ ವಿಂಕೆ, ಹಿಂದಿನ ತಿಂಗಳಷ್ಟೇ ತೀರಿಕೊಂಡ ತಮ್ಮ ಸಹೋದ್ಯೋಗಿಯನ್ನು ಸ್ಮರಿಸುತ್ತಿದ್ದಾಗ ಎದುರಿನ ಪರದೆಯ ಮೇಲೆ ‘ದಯವಿಟ್ಟು ಮುಗಿಸಿ’ ಎಂಬ ಸೂಚನೆ ಬೆಳಗುತ್ತಿತ್ತು. ಅಂದು ಅನೇಕ ವಿಜೇತರ ಮಾತು ಮುಗಿಯುವ ಮೊದಲೇ ಸಂಗೀತ ಮೊಳಗಿತು. ಎಷ್ಟೋ ಪ್ರಶಸ್ತಿಗಳನ್ನು ವಿಜೇತರನ್ನು ಕರೆಯದೆಯೇ ಸಾಲಾಗಿ ಓದಿ ಮುಗಿಸಲಾಯಿತು. ಅದೇ ವೇದಿಕೆಯಲ್ಲಿ ಇನ್ನೂ ತಯಾರಾಗದ ಗೇಮೊಂದರ ಕುರಿತು ಪ್ರಸಿದ್ಧರಿಬ್ಬರ ಸಲ್ಲಾಪಕ್ಕೆ ಹಲವು ನಿಮಿಷಗಳ ಬಿಡುವು ಇತ್ತು. ಸಂಗೀತ ಅವಸರದಲ್ಲಿ ಮೊಳಗಿತೆಂದು ಕೀಲಿಯವರೇ ನಂತರ ಒಪ್ಪಿಕೊಂಡರು. ಆದರೆ ತಪ್ಪು ಸಂಗೀತದ್ದಲ್ಲ. ಮಾಡಿದವರ ಮಾತಿಗಿಂತ ಮಾರುವವರ ಮಾತಿಗೆ ಬೆಲೆ ಹೆಚ್ಚು ಎಂಬ ಲೆಕ್ಕಾಚಾರದ್ದು.

ಆ ವರ್ಷ ಇಂಥ ಲೆಕ್ಕಾಚಾರ ಇನ್ನಷ್ಟು ಕ್ರೂರವಾಗಿ ಕಂಡಿತು. ಅದೇ 2023ರಲ್ಲಿ ಈ ಉದ್ಯಮದಲ್ಲಿ ಕೆಲಸ ಕಳೆದುಕೊಂಡವರು ಜಗತ್ತಿನಾದ್ಯಂತ ಸುಮಾರು 10,000 ಮಂದಿ. ಶ್ರೇಷ್ಠ ಕೃತಿಗಳ ವರ್ಷವೆಂದು ಕೊಂಡಾಡಿದ ವೇದಿಕೆ ಅವರ ವಿಷಯದಲ್ಲಿ ಮೌನ ತಾಳಿತು.

ಜಾಹೀರಾತಿಲ್ಲದಿದ್ದರೆ ಇಷ್ಟು ದೊಡ್ಡ ಸಮಾರಂಭದ ಖರ್ಚನ್ನು ಭರಿಸುವವರು ಯಾರು, ಉದ್ದುದ್ದ ಭಾಷಣಗಳನ್ನು ಕೇಳುವವರು ಯಾರು ಎಂಬ ವಾದವನ್ನು ನಾವು ಬಲ್ಲೆವು. ಹೊಸ ಗೇಮುಗಳ ಟ್ರೇಲರ್ ನೋಡಲೆಂದೇ ಬಹುಪಾಲು ಪ್ರೇಕ್ಷಕರು ಬರುತ್ತಾರೆಂಬುದೂ ಸುಳ್ಳಲ್ಲ. ಹಾಗಿದ್ದರೆ ಅದನ್ನು ಸಂತೆಯೆಂದೇ ಕರೆಯಲಿ, ಸಂತೆಯಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಸಂತೆಗೆ ಸನ್ಮಾನದ ಶಾಲು ಹೊದಿಸುವುದಷ್ಟೇ ನಾಚಿಕೆಗೇಡು. ಭಾಷಣ ಬೇಸರ ತರಿಸುತ್ತದೆಂಬ ಮಾತಿಗಂತೂ 2024ರ ಸಮಾರಂಭವೇ ಉತ್ತರ. ಆ ವರ್ಷ ‘ಆಸ್ಟ್ರೋ ಬಾಟ್’ಗೆ ಸಂದ ಪ್ರಶಸ್ತಿಯನ್ನು ಘೋಷಿಸಲು ಬಂದ ಅದೇ ವಿಂಕೆ, ಮಾರುಕಟ್ಟೆಯ ಪಾಲು ಹೆಚ್ಚಿಸಲೆಂದು ಗೇಮ್ ಮಾಡುವುದನ್ನೂ ತಯಾರಕರನ್ನು ಬರೀ ಅಂಕಿಗಳಂತೆ ಕಾಣುವುದನ್ನೂ ನೇರವಾಗಿ ಟೀಕಿಸಿದರು. ಸಭೆ ಚಪ್ಪಾಳೆ ತಟ್ಟಿತು. ಯಾರೂ ಆಕಳಿಸಲಿಲ್ಲ.

ಆ ವರ್ಷ ಉದ್ಯೋಗ ಕಡಿತದ ಪ್ರಸ್ತಾಪ ವೇದಿಕೆಯಲ್ಲಿ ಬಂತು. ನಿರುದ್ಯೋಗಿಗಳಿಗೆ ಕೆಲಸ ಹುಡುಕಿಕೊಡಲು ದುಡಿದ ಅಮೀರ್ ಸತ್ವತ್ ಅವರಿಗೆ ಗೌರವವೂ ಸಂದಿತು. ಇದು ಸ್ವಾಗತಾರ್ಹ. ಆದರೆ ಗಾಯಕ್ಕೆ ಮುಲಾಮು ಹಚ್ಚಿದವರನ್ನು ಮೆಚ್ಚಿ, ಗಾಯ ಮಾಡಿದವರ ಹೆಸರೆತ್ತದಿರುವುದು ಅರ್ಧ ಸತ್ಯ ಮಾತ್ರ.

ಸಾಹಿತ್ಯ ಬಳಗಕ್ಕೆ ಇದರ ಗೊಡವೆ ಏಕೆ ಎನ್ನುವವರಿಗೆ ಒಂದು ಮಾತು. ನಾವು ನೆಲೆಸಿರುವ ಪುಣೆ, ಮುಂಬಯಿಗಳಲ್ಲಿ ಯೂಬಿಸಾಫ್ಟ್ ಸ್ಟುಡಿಯೋಗಳಿವೆ. ಬೆಂಗಳೂರಿನಲ್ಲಿ ರಾಕ್‌ಸ್ಟಾರ್ ಇಂಡಿಯಾ ಇದೆ. 2018ರಲ್ಲಿ ಅತ್ಯುತ್ತಮ ಕಥನವೂ ಸೇರಿ ನಾಲ್ಕು ಪ್ರಶಸ್ತಿ ಪಡೆದ ‘ರೆಡ್ ಡೆಡ್ ರಿಡೆಂಪ್ಶನ್ 2’ರ ತಯಾರಿಕೆಯಲ್ಲಿ ಬೆಂಗಳೂರಿನ ಆ ಸ್ಟುಡಿಯೋದ ದುಡಿಮೆಯೂ ಬೆರೆತಿದೆ. ನಮ್ಮ ನೆರೆಮನೆಯ ಹುಡುಗ ಹುಡುಗಿಯರು ಕಣ್ಣು ಸವೆಸಿ ದುಡಿಯುವ ಕಲೆಯಿದು. ಲಾಸ್ ಏಂಜಲೀಸಿನ ವೇದಿಕೆಯಲ್ಲಿ ಸ್ಟುಡಿಯೋದ ಮುಖ್ಯಸ್ಥರಿಗೇ ಒಂದು ಸಾವನ್ನು ಸ್ಮರಿಸುವಷ್ಟು ಸಮಯವಿಲ್ಲದಿದ್ದರೆ, ಇವರ ಹೆಸರು ಅಲ್ಲಿ ಕೇಳಿಬರುವುದು ಎಂದು?

ನಾವು ಕೇಳುವುದು ದೊಡ್ಡದೇನಲ್ಲ. ಘೋಷಿಸಿದ ಪ್ರತಿ ಪ್ರಶಸ್ತಿಯನ್ನೂ ವೇದಿಕೆಯ ಮೇಲೆ, ವಿಜೇತರ ಕೈಗೆ ಕೊಡಲಿ. ಪ್ರತಿಯೊಬ್ಬರಿಗೂ ಒಂದು ಟ್ರೇಲರಿನಷ್ಟಾದರೂ ಸಮಯ ಸಿಗಲಿ. ಚೀಟಿ ಕೊಡಲೇಬೇಕಾದರೆ ಜಾಹೀರಾತಿಗೆ ಕೊಡಲಿ.