ಹಳೆ ಬಣ್ಣದ ಧೂಳಿನಲ್ಲಿ ಸೀಸ: ನಮ್ಮ ಮಕ್ಕಳಿಗೇ ಮೊದಲ ಪೆಟ್ಟು

ಚರ್ಚಿನ ವಾರ್ಷಿಕ ಹಬ್ಬ ಹತ್ತಿರ ಬಂತೆಂದರೆ ಶಾಲೆಯ ಬೆಂಚು, ಕಿಟಕಿ, ಗೇಟುಗಳಿಗೆಲ್ಲ ಹೊಸ ಬಣ್ಣ ಬಳಿಸುವುದು ನಮ್ಮ ರೂಢಿ. ಅದಕ್ಕೂ ಮೊದಲು ಹಳೆ ಬಣ್ಣವನ್ನು ಉಜ್ಜಿ ತೆಗೆಯುತ್ತೇವಲ್ಲ, ಆ ಧೂಳಿನಲ್ಲಿ ಸೀಸವಿರಬಹುದೆಂದು ನಾವು ಯೋಚಿಸಿದ್ದುಂಟೆ?

ನಮ್ಮ ದೇಶದಲ್ಲಿ ಸೀಸಬೆರೆತ ಪೆಟ್ರೋಲು 2000ದಲ್ಲಿ ನಿಂತಿತು. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2016ರಲ್ಲಿ ಬಂದು ಮರುವರ್ಷ ಜಾರಿಯಾಯಿತು. ಆದರೆ ಈ ನಿಯಮ ಹೊಸ ಡಬ್ಬಿಗೆ ಮಾತ್ರ. ಅಜ್ಜನ ಕಾಲದ ಬಾಗಿಲಿಗೆ ಅನ್ವಯಿಸದು. 2020ರ ಯುನಿಸೆಫ್ ವರದಿಯ ಅಂದಾಜಿನಂತೆ ಭಾರತದ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಇಷ್ಟರವರೆಗೆ ಸುರಕ್ಷಿತ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜ್ವರವಿಲ್ಲ, ಕೆಮ್ಮಿಲ್ಲ; ಮಗು ಪಾಠದಲ್ಲಿ ಹಿಂದುಳಿಯುತ್ತದೆ, ನಾವು 'ದಡ್ಡ' ಎಂದು ಗದರುತ್ತೇವೆ. ಕಬ್ಬಿಣಾಂಶ ಕಡಿಮೆಯಿರುವ ಮಗುವಿನ ದೇಹ ಸೀಸವನ್ನು ಇನ್ನಷ್ಟು ಹೀರಿಕೊಳ್ಳುತ್ತದೆ.

ನಮ್ಮದೇ ಧರ್ಮಸಭೆಯ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಡಾ. ತುಪ್ಪಿಲ್ ವೆಂಕಟೇಶ್ ಈ ಬಗ್ಗೆ ವರ್ಷಗಟ್ಟಲೆ ಎಚ್ಚರಿಸಿದರು. ನಾವು ಕೇಳಿದ್ದು ಕಡಿಮೆಯೇ.

ಕರಾವಳಿಯವರಿಗೆ ಇನ್ನೊಂದು ಮಾತು. ಬೀಸುಬಲೆಗೆ ಕಟ್ಟುವ ಗುಂಡುಗಳೂ ಸೀಸದವೇ. ಅದನ್ನು ಅಡುಗೆ ಒಲೆಯಲ್ಲಿ ಕರಗಿಸಬಾರದು, ಮುಟ್ಟಿದ ಕೈಯಲ್ಲಿ ಉಣ್ಣಬಾರದು. ಬಣ್ಣದ ಕೆಲಸವನ್ನು ಪಾಲನಾ ಮಂಡಳಿಯವರು ಬೇಸಿಗೆ ರಜೆಯಲ್ಲೇ ಇಟ್ಟುಕೊಳ್ಳಲಿ. ಒಣಗಿದ್ದನ್ನು ಉಜ್ಜದೆ ನೀರು ಹಾಕಿ ಒದ್ದೆಮಾಡಿ ಕೆರೆಯಲಿ, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಲಿ. ಹೊಸ ಡಬ್ಬಿ ಕೊಳ್ಳುವಾಗ ಸೀಸದ ಪ್ರಮಾಣ ಬರೆದಿದೆಯೇ ಎಂದು ಅಂಗಡಿಯಲ್ಲೇ ನೋಡಲಿ.