ಆ ಪತ್ತೇದಾರಿ ಕಟ್ಟನ್ನು ರದ್ದಿಗೆ ಹಾಕಬೇಡಿ



ನಿಮ್ಮ ಮನೆಯ ಅಟ್ಟದಲ್ಲೋ ಊರಿನ ಹಳೇ ಮನೆಯ ಟ್ರಂಕಿನಲ್ಲೋ ಸೆಣಬಿನ ದಾರದಲ್ಲಿ ಕಟ್ಟಿಟ್ಟ ಹಳೆಯ ಸುಧಾ, ಪ್ರಜಾಮತ, ಕರ್ಮವೀರ, ಕಸ್ತೂರಿ, ಮಯೂರ ಸಂಚಿಕೆಗಳು ಇರಬಹುದು. ಅವುಗಳ ಜೊತೆಗೆ ಎನ್. ನರಸಿಂಹಯ್ಯನವರ, ಎಂ. ರಾಮಮೂರ್ತಿಯವರ ಸಣ್ಣ ಗಾತ್ರದ ಪತ್ತೇದಾರಿ ಪುಸ್ತಕಗಳೂ ಇರಬಹುದು. ರಕ್ಷಾಪುಟ ಹರಿದಿರುತ್ತದೆ, ಪಿನ್ನು ತುಕ್ಕು ಹಿಡಿದಿರುತ್ತದೆ. ಮನೆ ಬದಲಿಸುವಾಗ, ಹಿರಿಯರು ಹೋದ ಮೇಲೆ ಅವರ ಕೋಣೆ ತೆರವು ಮಾಡುವಾಗ, ಮೊದಲು ತಕ್ಕಡಿಗೆ ಬೀಳುವುದು ಇವೇ. ಕುಮಾರವ್ಯಾಸ ಭಾರತವನ್ನು ಯಾರೂ ರದ್ದಿಗೆ ಹಾಕುವುದಿಲ್ಲ. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹಾಕುತ್ತೇವೆ. ದಯವಿಟ್ಟು ಹಾಕಬೇಡಿ ಎಂದು ಕೇಳಿಕೊಳ್ಳಲು ಈ ಬರಹ.

ಏಕೆ ಎಂದರೆ, ಪತ್ತೇದಾರಿ ಕಥೆಯೂ ವೈಜ್ಞಾನಿಕ ಕಥೆಯೂ ಹುಟ್ಟಿ ಬೆಳೆದದ್ದೇ ಪತ್ರಿಕೆಗಳಲ್ಲಿ. ಎಡ್ಗರ್ ಅಲನ್ ಪೋ ಬರೆದ ಮೊದಲ ಪತ್ತೇದಾರಿ ಕಥೆ 1841ರಲ್ಲಿ ಬಂದದ್ದು ಫಿಲಡೆಲ್ಫಿಯಾದ ಒಂದು ಮಾಸಪತ್ರಿಕೆಯಲ್ಲಿ. ಶರ್ಲಾಕ್ ಹೋಮ್ಸ್‌ನ ಸಣ್ಣಕಥೆಗಳನ್ನು ಲಂಡನ್ನಿನ ‘ಸ್ಟ್ರಾಂಡ್’ ಪತ್ರಿಕೆ 1891ರಿಂದ ಮನೆಮನೆಗೆ ಮುಟ್ಟಿಸಿತು. 1926ರ ಏಪ್ರಿಲ್‌ನಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ನ್ಯೂಯಾರ್ಕಿನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಆರಂಭಿಸಿದಾಗ ಬರೀ ವೈಜ್ಞಾನಿಕ ಕಥೆಗಳಿಗೇ ಒಂದು ಮಾಸಪತ್ರಿಕೆ ಸಿಕ್ಕಿತು. ಐಸಾಕ್ ಅಸಿಮೊವ್ ಅವರ ‘ಫೌಂಡೇಶನ್’ 1951ರಲ್ಲಿ ಪುಸ್ತಕವಾಯಿತು. ಅದರ ಹೆಚ್ಚಿನ ಕಥೆಗಳು 1942ರಿಂದಲೇ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಒಂದೊಂದಾಗಿ ಬರುತ್ತಿದ್ದವು. ಎಲ್ಲೆಡೆಯೂ ಪತ್ರಿಕೆ ಮೊದಲು, ಪುಸ್ತಕ ಆಮೇಲೆ. ಪುಸ್ತಕ ಆಗದೇ ಉಳಿದ ಕಥೆ ಪತ್ರಿಕೆಯ ಆ ಸಂಚಿಕೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ನಮ್ಮಲ್ಲೂ ಹಾಗೇ ನಡೆಯಿತು. ಎಚ್.ಕೆ. ಅನಂತರಾವ್ ಅವರ ‘ಅಂತ’ ಸುಧಾ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1981ರಲ್ಲಿ ಸಿನಿಮಾ ಆಯಿತು. ಸಿನಿಮಾ ಎಲ್ಲರ ನೆನಪಿನಲ್ಲಿದೆ. ಆದರೆ ವಾರವಾರ ಆ ಧಾರಾವಾಹಿಯನ್ನು ಕಾದು ಓದಿದವರ ಪತ್ರಗಳು, ಆ ಕಂತುಗಳಿಗೆ ಬರೆದ ಚಿತ್ರಗಳು ಇರುವುದು ಆ ಹಳೆಯ ಸಂಚಿಕೆಗಳಲ್ಲಿ ಮಾತ್ರ. ನರಸಿಂಹಯ್ಯನವರದ್ದಂತೂ ಒಂದು ಅಪೂರ್ವ ಬದುಕು. ನಾಲ್ಕನೇ ತರಗತಿಯವರೆಗೆ ಓದಿದ ಅವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಪತ್ತೇದಾರರನ್ನು ಕನ್ನಡಕ್ಕೆ ಕೊಟ್ಟರು. ದಿನದ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಅವರಂಥವರ ಹೆಸರಿನಿಂದಲೇ ಬದುಕಿದವು. ಅಕ್ಷರ ಕೂಡಿಸಿ ಓದುತ್ತಿದ್ದವರು ಒಂದೇ ರಾತ್ರಿಗೆ ಒಂದು ಪುಸ್ತಕ ಮುಗಿಸುವಂತಾದದ್ದು ಇಂಥ ಬರಹಗಳಿಂದ. ನಮ್ಮ ವಿಮರ್ಶೆ ಈ ಲೇಖಕರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ತಪ್ಪು ಎಂದೇ ನಾನು ಹೇಳುತ್ತೇನೆ. ನವೋದಯ, ನವ್ಯ ಎಂದು ಸಾಹಿತ್ಯ ಚರಿತ್ರೆ ಬರೆದವರು, ಕನ್ನಡವನ್ನು ಓದಿಸಿದವರ ಚರಿತ್ರೆಯನ್ನೂ ಬರೆಯಬೇಕಿತ್ತು.

ವೈಜ್ಞಾನಿಕ ಕಥೆಗಳ ಸ್ಥಿತಿ ಇನ್ನೂ ಸೂಕ್ಷ್ಮ. 1993ರಲ್ಲಿ ಬಾಳ ಫೋಂಡಕೆ ಸಂಪಾದಿಸಿ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದ ‘ಇಟ್ ಹ್ಯಾಪನ್ಡ್ ಟುಮಾರೋ’ ಎಂಬ ಭಾರತೀಯ ವೈಜ್ಞಾನಿಕ ಕಥೆಗಳ ಸಂಕಲನದಲ್ಲಿ ಕನ್ನಡದ ರಾಜಶೇಖರ ಭೂಸನೂರಮಠ, ಸಂಜಯ ಹಾವನೂರ ಇಬ್ಬರೂ ಇದ್ದಾರೆ. ದೇಶ ಅವರನ್ನು ಗುರುತಿಸಿತು. ಆದರೆ ‘ಮನು’ ಹೆಸರಿನಲ್ಲಿ ಪತ್ತೇದಾರಿ, ವೈಜ್ಞಾನಿಕ ಎರಡೂ ಬಗೆಯ ಕಾದಂಬರಿ ಬರೆದವರನ್ನು ಇಂದಿನ ಹದಿನೆಂಟರ ಹುಡುಗಿಯೊಬ್ಬಳು ಓದಬೇಕೆಂದರೆ ಹಳೇ ಪುಸ್ತಕದ ಅಂಗಡಿಯಲ್ಲಿ ಅದೃಷ್ಟ ಪರೀಕ್ಷಿಸಬೇಕು.

ಕಾಲವೂ ನಮ್ಮ ಕಡೆಗಿಲ್ಲ. ಈ ಪುಸ್ತಕ, ಪತ್ರಿಕೆಗಳು ಅಚ್ಚಾದದ್ದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಮರದ ತಿರುಳನ್ನು ಅರೆದು ಮಾಡುವ ಆ ಕಾಗದದಲ್ಲಿ ಲಿಗ್ನಿನ್ ಉಳಿದಿರುತ್ತದೆ. ಗಾಳಿ ಬೆಳಕು ತಾಗಿದಂತೆ ಅದು ಹಳದಿಯಾಗುತ್ತದೆ, ಆಮ್ಲ ಹುಟ್ಟಿ ಕಾಗದದ ನಾರು ಕಡಿಯುತ್ತದೆ, ಕೊನೆಗೆ ಪುಟ ಮಗುಚಿದರೆ ಹಪ್ಪಳದಂತೆ ಮುರಿಯುತ್ತದೆ. ಕರಾವಳಿ, ಮಲೆನಾಡಿನ ತೇವದಲ್ಲಿ ಬೂಷ್ಟು ಬೇರೆ. ನಿಮ್ಮಲ್ಲಿರುವುದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಬೇಡಿ, ತೇವ ಒಳಗೇ ಉಳಿಯುತ್ತದೆ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಅಕ್ಷರವನ್ನೇ ಕಂದಾಗಿಸುತ್ತದೆ. ಒಣ ಜಾಗದಲ್ಲಿ, ಬಿಸಿಲು ಬೀಳದ ಕಡೆ, ರಟ್ಟಿನ ಪೆಟ್ಟಿಗೆಯಲ್ಲಿ ಅಡ್ಡಡ್ಡಲಾಗಿ ಮಲಗಿಸಿಡಿ.

ಬೇರೆಯವರು ಏನು ಮಾಡಿದ್ದಾರೆ ನೋಡಿ. 1950ರಲ್ಲಿ ಶುರುವಾದ ‘ಗ್ಯಾಲಕ್ಸಿ’ ಎಂಬ ವೈಜ್ಞಾನಿಕ ಕಥೆಗಳ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಇಂದು ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆ ಇಂಥ ಪುಸ್ತಕ, ಪತ್ರಿಕೆಗಳಿಗಾಗಿಯೇ ‘ಈಟನ್’ ಸಂಗ್ರಹವನ್ನು ಕಾಪಾಡಿಕೊಂಡು ಬಂದಿದೆ. ಚೆನ್ನೈನ ಬ್ಲಾಫ್ಟ್ ಪ್ರಕಾಶನ 2008ರಲ್ಲಿ ತಮಿಳಿನ ಜನಪ್ರಿಯ ಪತ್ತೇದಾರಿ, ಭೂತ, ಪ್ರೇಮ ಕಥೆಗಳ ಇಂಗ್ಲಿಷ್ ಸಂಕಲನ ತಂದು, ಟೀ ಅಂಗಡಿಯಲ್ಲಿ ನೇತಾಡುತ್ತಿದ್ದ ಪುಸ್ತಕಗಳನ್ನು ಜಗತ್ತಿನ ಓದುಗರ ಮುಂದಿಟ್ಟಿತು. ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಮಾತ್ರ ಒಂದು ಪಟ್ಟಿ. ಯಾವ ವೈಜ್ಞಾನಿಕ ಕಥೆ ಯಾವ ಪತ್ರಿಕೆಯ ಯಾವ ಸಂಚಿಕೆಯಲ್ಲಿ ಬಂತು ಎಂಬುದನ್ನು 1995ರಿಂದ ಸ್ವಯಂಸೇವಕರೇ ಸೇರಿ ಬರೆದಿಡುತ್ತಾ ಬಂದಿದ್ದಾರೆ. ಸಂಬಳ ಇಲ್ಲ. ಮನೆಯಲ್ಲಿರುವ ಸಂಚಿಕೆ ತೆಗೆದು ಪರಿವಿಡಿ ನಕಲು ಮಾಡುತ್ತಾರೆ, ಅಷ್ಟೇ.

ಕನ್ನಡಕ್ಕೆ ಮೊದಲು ಬೇಕಾದದ್ದು ಈ ಪಟ್ಟಿಯೇ. ಅದಕ್ಕೆ ಸರ್ಕಾರದ ಅನುದಾನ ಬೇಡ, ಯಾರ ಅನುಮತಿಯೂ ಬೇಡ. ಕಥೆಯ ಹೆಸರು, ಲೇಖಕರ ಹೆಸರು, ಪತ್ರಿಕೆ, ದಿನಾಂಕ, ಪುಟ, ಚಿತ್ರ ಬರೆದವರ ಹೆಸರು: ಇವು ಮಾಹಿತಿ, ಯಾರ ಆಸ್ತಿಯೂ ಅಲ್ಲ. ನಿಮ್ಮಲ್ಲಿ ಒಂದೇ ಸಂಚಿಕೆ ಇದ್ದರೂ ಬರೆದಿಡಿ. ನಿವೃತ್ತರಾದ ಮೇಷ್ಟ್ರುಗಳೇ, ಕನ್ನಡ ಎಂ.ಎ. ವಿದ್ಯಾರ್ಥಿಗಳೇ, ನಿಮ್ಮ ಊರಿನ ಗ್ರಂಥಾಲಯದಲ್ಲಿ ಬೈಂಡ್ ಮಾಡಿಟ್ಟ ಸಂಪುಟ ಇದ್ದರೆ ಒಂದು ವರ್ಷದ್ದನ್ನು ಎತ್ತಿಕೊಳ್ಳಿ. ಹೊರದೇಶದ ಕನ್ನಡ ಕೂಟದವರೇ, ವಲಸೆ ಹೋಗುವಾಗ ಹೊತ್ತೊಯ್ದ ಪುಸ್ತಕಗಳು ನಿಮ್ಮ ಬೇಸ್‌ಮೆಂಟುಗಳಲ್ಲಿ ಇಲ್ಲಿಗಿಂತ ಚೆನ್ನಾಗಿ ಉಳಿದಿರಬಹುದು.

ಎರಡನೆಯ ಹೆಜ್ಜೆ ಸ್ಕ್ಯಾನ್. ಬೆಂಗಳೂರಿನಲ್ಲಿ ಸಂಚಿ ಪ್ರತಿಷ್ಠಾನ ಮತ್ತು ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗದವರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಸೇರಿಸುತ್ತಿದ್ದಾರೆ. ಮೇಲಿನಿಂದ ಫೋಟೋ ತೆಗೆಯುವ ಯಂತ್ರವಾದರೆ ಪುಸ್ತಕದ ಬೆನ್ನು ಕತ್ತರಿಸಬೇಕಿಲ್ಲ. ಮನೆಯಲ್ಲೇ ಮಾಡುವುದಾದರೆ ಬಣ್ಣದಲ್ಲಿ, 300 ಡಿಪಿಐಗೆ ಕಡಿಮೆಯಾಗದಂತೆ ಮಾಡಿ. ಜಾಹೀರಾತು, ಓದುಗರ ಪತ್ರ, ಹಿಂಬದಿ ರಕ್ಷಾಪುಟ ಯಾವುದನ್ನೂ ಬಿಡಬೇಡಿ. ಆ ಕಾಲದ ಜನರು ಏನು ಕೊಳ್ಳುತ್ತಿದ್ದರು, ಯಾವುದಕ್ಕೆ ಹೆದರುತ್ತಿದ್ದರು ಎಂಬುದು ಕೊಲೆಯ ಕಥೆಯ ಪಕ್ಕದ ಸಾಬೂನಿನ ಜಾಹೀರಾತಿನಲ್ಲೂ ಇದೆ.

ಸ್ಕ್ಯಾನ್ ಮಾಡಿದ್ದನ್ನು ಎಲ್ಲರಿಗೂ ತೆರೆದಿಡಲು ಮಾತ್ರ ಹಕ್ಕಿನ ಪ್ರಶ್ನೆ ಬರುತ್ತದೆ. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ನರಸಿಂಹಯ್ಯನವರು 2011ರಲ್ಲಿ ತೀರಿಕೊಂಡರು. ಎಂದರೆ ಅವರ ಬರಹಗಳ ಮೇಲೆ 2071ರ ಕೊನೆಯವರೆಗೂ ಹಕ್ಕು ಇರುತ್ತದೆ. ಅಷ್ಟು ದಿನ ಆ ನ್ಯೂಸ್‌ಪ್ರಿಂಟ್ ಬಾಳುವುದಿಲ್ಲ. ಆದ್ದರಿಂದ ಪತ್ತೇದಾರಿ ಲೇಖಕರ ಮಕ್ಕಳು, ಮೊಮ್ಮಕ್ಕಳು, ಹಕ್ಕು ಪಡೆದ ಪ್ರಕಾಶಕರು ಎಲ್ಲರಲ್ಲಿ ಕೈಮುಗಿದು ಕೇಳುತ್ತೇನೆ: ಮರುಮುದ್ರಣ ಮಾಡುವ ಯೋಚನೆ ಇದ್ದರೆ ಬೇಗ ಮಾಡಿ, ನಾವು ಕೊಂಡು ಓದುತ್ತೇವೆ. ಯೋಚನೆ ಇಲ್ಲದಿದ್ದರೆ, ಮುಕ್ತವಾಗಿ ಓದಲು ಒಪ್ಪಿಗೆಯನ್ನು ಬರೆದುಕೊಡಿ.

ಗ್ರಂಥಾಲಯ ಇಲಾಖೆಗೂ ಒಂದು ಮಾತು. ಆಸ್ತಿ ತೆರಿಗೆಯ ಜೊತೆ ಶೇಕಡ 6ರಷ್ಟು ಗ್ರಂಥಾಲಯ ಕರ ಕಟ್ಟುವವರು ನಾವು. ಹಳೆಯ ಪತ್ರಿಕೆಗಳನ್ನು ವಿಲೇವಾರಿ ಮಾಡುವ ಮೊದಲು ಅವುಗಳ ಪಟ್ಟಿಯನ್ನು ಸಾರ್ವಜನಿಕರಿಗೆ ತೋರಿಸಿ, ಬೇಕಾದವರು ಕಾಪಾಡಲು ಮುಂದೆ ಬರುವಂತೆ ಮಾಡಿ. ಇಂದಿನ ವಾರ, ಮಾಸಪತ್ರಿಕೆಗಳ ಸಂಪಾದಕರು ವರ್ಷಕ್ಕೊಂದು ಪತ್ತೇದಾರಿ ಅಥವಾ ವೈಜ್ಞಾನಿಕ ಕಥೆಗಳ ವಿಶೇಷಾಂಕ ತಂದರೆ ಹೊಸಬರು ಬರೆಯುತ್ತಾರೆ. ನಾವು ಚಂದಾದಾರರಾಗಬೇಕು.

ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಎಂ. ರಾಮಮೂರ್ತಿಯವರೇ ಪತ್ತೇದಾರಿ ಕಾದಂಬರಿಗಳನ್ನೂ ಬರೆದವರು. ಅವರು ತೀರಿಕೊಂಡದ್ದು 1967ರಲ್ಲಿ. ಕಾಯ್ದೆಯ ಪ್ರಕಾರ 2028ರ ಜನವರಿ 1ರಿಂದ ಅವರ ಬರಹಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಓದಲು ತೆರೆದಿಡಬಹುದು. ಆ ದಿನ ಬರುವಷ್ಟರಲ್ಲಿ ಅವರ ಒಂದೊಂದು ಕಾದಂಬರಿಯದೂ ಒಂದಾದರೂ ಪ್ರತಿ ನಮ್ಮ ಕೈಯಲ್ಲಿರಬೇಕು. ನಿಮ್ಮ ಮನೆಯಲ್ಲಿ ಇದ್ದರೆ ಇಂದೇ ತೆಗೆದಿಡಿ, ಸ್ಕ್ಯಾನ್ ಮಾಡುವವರಿಗೆ ಕೆಲವು ದಿನಗಳ ಮಟ್ಟಿಗೆ ಎರವಲು ಕೊಡಿ.