ಉಪ್ಪಿನ ಋಣ ಇನ್ನೆಷ್ಟು ತೀರಿಸೋಣ?



ಕಳೆದ ಮಳೆಗಾಲದಲ್ಲಿ ನಮ್ಮ ಜತೆಯ ಭಟ್ಟರೊಬ್ಬರು ದೋಸೆ ಕಾವಲಿಯ ಮುಂದೆಯೇ ಕುಸಿದು ಬಿದ್ದರು. ವಯಸ್ಸು ನಲವತ್ತಾರು. ಕುಂದಾಪುರದ ಕಡೆಯವರು. ಬೆಳಿಗ್ಗೆ ಐದಕ್ಕೆ ಒಲೆಯ ಮುಂದೆ ನಿಂತರೆ ರಾತ್ರಿ ಹತ್ತಕ್ಕೆ ಕಾವಲಿ ತೊಳೆದಿಡುವ ತನಕ, ಮಧ್ಯಾಹ್ನದ ಮೂರು ತಾಸು ಬಿಟ್ಟರೆ, ನಿಂತೇ ಇರುವ ಕೆಲಸ. ಒಂದು ದಿನವೂ ಕಾಯಿಲೆಯೆಂದು ಮಲಗಿದವರಲ್ಲ. ಕಾಲು ನೋವು ತಡೆಯದಾದಾಗ ಗಲ್ಲೆಯ ಡ್ರಾಯರಿನಲ್ಲಿದ್ದ ನೋವಿನ ಮಾತ್ರೆ ನುಂಗಿ ಮತ್ತೆ ಕಾವಲಿಗೆ ಬರುತ್ತಿದ್ದರು.

ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದ ಒತ್ತಡ 220/130. ಮಿದುಳಿನ ರಕ್ತನಾಳ ಒಡೆದಿತ್ತು. ಜೀವ ಉಳಿಯಿತು, ಬಲಗೈ ಬಲಗಾಲು ಉಳಿಯಲಿಲ್ಲ. ಎರಡು ತಿಂಗಳ ಮೇಲೆ ಕುರ್ಲಾದಲ್ಲಿ ಮತ್ಸ್ಯಗಂಧ ರೈಲಿಗೆ ಎತ್ತಿ ಕೂರಿಸಿ ಊರಿಗೆ ಕಳಿಸಿದೆವು. ಮಾಲಕರು ಟಿಕೆಟು ತೆಗೆಸಿಕೊಟ್ಟರು, ಐದು ಸಾವಿರ ರೂಪಾಯಿ ಕೈಗಿತ್ತರು, "ಊರಿನ ಗಾಳಿ ತಾಗಿದರೆ ಸರಿಹೋದೀತು ಭಟ್ರೇ" ಎಂದರು. ಹತ್ತೊಂಬತ್ತು ವರ್ಷದ ದುಡಿಮೆಯ ಲೆಕ್ಕ ಅಲ್ಲಿಗೆ ಮುಗಿಯಿತು!

ಸ್ಟೇಷನ್ನಿನಿಂದ ಹಿಂತಿರುಗುವಾಗ ನಮ್ಮಲ್ಲೊಬ್ಬರು "ಎಲ್ಲ ಹಣೆಬರಹ" ಎಂದರು. ಇನ್ನೊಬ್ಬರು "ಬಿ.ಪಿ. ಎಂಬುದು ಶ್ರೀಮಂತರ ರೋಗವಲ್ಲವೇ, ಇವರಿಗೆ ಹೇಗೆ ಬಂತು?" ಎಂದು ಕೇಳಿದರು. ಈ ಎರಡು ಮಾತೂ ಸುಳ್ಳೆಂದು ಹೇಳುವುದಕ್ಕಾಗಿಯೇ ನಾವಿದನ್ನು ಬರೆಯುತ್ತಿದ್ದೇವೆ.

ಶ್ರೀಮಂತರಿಗೂ ಇದು ಬಂದದ್ದುಂಟು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರು 1945ರ ಎಪ್ರಿಲ್ 12ರಂದು ಇದೇ ರೀತಿ ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಆ ದಿನ ಅವರ ಒತ್ತಡ 300/190 ಇತ್ತೆಂದು ವೈದ್ಯರು ಬರೆದಿಟ್ಟಿದ್ದಾರೆ. ಅಷ್ಟು ದೊಡ್ಡ ದೇಶದ ಅಧ್ಯಕ್ಷರಿಗೂ ಅಂದು ಕೊಡಲು ಒಳ್ಳೆಯ ಮಾತ್ರೆ ಇರಲಿಲ್ಲ. ಇಂದು ಉಂಟು. ಜನೌಷಧಿ ಅಂಗಡಿಯಲ್ಲಿ ಆಮ್ಲೋಡಿಪಿನ್ ಮಾತ್ರೆ ದಿನಕ್ಕೆ ಒಂದೆರಡು ರೂಪಾಯಿಗೆ ಸಿಗುತ್ತದೆ. ಅಧ್ಯಕ್ಷರಿಗೆ ಸಿಗದಿದ್ದ ಮದ್ದು ನಮ್ಮ ಭಟ್ಟರಿಗೆ ಒಂದು ಕಟಿಂಗ್ ಚಹಾಕ್ಕಿಂತ ಅಗ್ಗವಾಗಿ ಸಿಗುತ್ತಿತ್ತು. ಆದರೆ ಒತ್ತಡ ಇದೆಯೇ ಎಂದು ನೋಡಿಸಿಕೊಂಡು ಬರಲು ಒಂದು ಗಂಟೆಯ ಬಿಡುವು ಅವರಿಗೆ ಸಿಗಲಿಲ್ಲ. ಇದು ಹಣೆಬರಹವೇ?

ಈ ರೋಗವನ್ನು ಮೊದಲು ತಿಳಿದುಕೊಳ್ಳೋಣ. ಹೃದಯವು ರಕ್ತವನ್ನು ತಳ್ಳುವಾಗ ನಾಳಗಳ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕಿ. ಹೃದಯ ಸಡಿಲಾದಾಗ ಉಳಿಯುವುದು ಕೆಳಗಿನ ಅಂಕಿ. 120/80ರ ಆಸುಪಾಸು ಒಳ್ಳೆಯದು. ಬೇರೆ ಬೇರೆ ದಿನ ನೋಡಿದರೂ 140/90 ಅಥವಾ ಅದಕ್ಕೂ ಮೇಲಿದ್ದರೆ ರೋಗವೆಂದೇ ಲೆಕ್ಕ. ನೋವಿಲ್ಲ, ಜ್ವರವಿಲ್ಲ, ಎಷ್ಟೋ ಜನರಿಗೆ ತಲೆಸುತ್ತೂ ಇಲ್ಲ. ಒಳಗಿಂದೊಳಗೇ ಹೃದಯ, ಮಿದುಳು, ಮೂತ್ರಪಿಂಡ, ಕಣ್ಣು ಇವಿಷ್ಟನ್ನೂ ತಿನ್ನುತ್ತಾ ಹೋಗುತ್ತದೆ. "ನಮಗೇನೂ ಆಗಿಲ್ಲ" ಎನ್ನುವವನಿಗೇ ಇದು ಇರಬಹುದು. ಮುಂಬಯಿ ಮಹಾನಗರಪಾಲಿಕೆ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 18ರಿಂದ 69 ವರ್ಷದವರ ಪೈಕಿ ನೂರಕ್ಕೆ 34 ಜನರಲ್ಲಿ ಇದು ಕಂಡುಬಂತು. ಇಪ್ಪತ್ತು ಜನ ಮಲಗುವ ನಮ್ಮ ಮಾಳಿಗೆಗೆ ಈ ಲೆಕ್ಕ ಹಾಕಿದರೆ ಆರೇಳು ಜನ!

ಇದು ಎಲ್ಲಿಂದ ಬರುತ್ತದೆ? ತಂದೆತಾಯಿಯರಿಂದ ಬರುವುದುಂಟು, ವಯಸ್ಸಿನಿಂದ ಬರುವುದುಂಟು. ಆದರೆ ನಮ್ಮ ಹೋಟೆಲುಗಳಲ್ಲೇ ಸಿದ್ಧವಾಗುವ ಪಾಲು ಕಡಿಮೆಯದಲ್ಲ.

ಮೊದಲನೆಯದು ಉಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಹೆಚ್ಚು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಊಟ ಯಾವುದು? ಗಿರಾಕಿಗಳಾದ ಮೇಲೆ ತಳದಲ್ಲಿ ಉಳಿದು, ಕುದಿದು ಕುದಿದು ಗಟ್ಟಿಯಾದ ಸಾಂಬಾರು. ಪಲ್ಯ ಮುಗಿದಿರುತ್ತದೆ, ಬದಲಿಗೆ ಉಪ್ಪಿನಕಾಯಿ, ಹಪ್ಪಳ. ರಜೆಯಲ್ಲಿ ಊರಿಗೆ ಹೋದವರು ತಂದ ಒಣಮೀನು. "ಬೆವರು ಸುರಿಸುವವನಿಗೆ ಉಪ್ಪು ಬೇಕು" ಎಂದು ಕೆಲವರು ವಾದಿಸುತ್ತಾರೆ. ಬೆವರಿದವನಿಗೆ ಮುಖ್ಯವಾಗಿ ಬೇಕಾದದ್ದು ನೀರು. ಉಪ್ಪು ನಮ್ಮ ಊಟದಲ್ಲೇ ಬೇಕಾದಷ್ಟಿದೆ.

ಎರಡನೆಯದು ದುಡಿಮೆಯ ತಾಸು. ವಾರಕ್ಕೆ 55 ತಾಸು ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ತಾಸು ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ನೂರಕ್ಕೆ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಸಾರಿದವು. ನಮ್ಮ ಭಟ್ಟರ ದುಡಿಮೆ ದಿನಕ್ಕೆ ಹದಿನಾಲ್ಕು ತಾಸು, ವಾರಕ್ಕೆ ಏಳು ದಿನ. ಕೂಡಿಸಿ ನೋಡಿರಿ, 98 ತಾಸು!

ಇದಲ್ಲದೆ ನಿದ್ದೆಗೇಡು, ಬೀಡಿ, ತಂಬಾಕು, ಕುಡಿತ. ಕೆಲವು ನೋವಿನ ಮಾತ್ರೆಗಳನ್ನು ದಿನಾ ನುಂಗಿದರೂ ಒತ್ತಡ ಏರುತ್ತದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಗಲ್ಲೆಯ ಡ್ರಾಯರಿನ ಆ ಉಪಕಾರ ನಮಗೆ ಬೇಡ.

ಗಿರಣಿಯ ಬಂಧುಗಳೂ ಇದಕ್ಕೆ ಹೊರತಲ್ಲ. 1982ರ ಮುಷ್ಕರದ ತರುವಾಯ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿಹೋದವು. ಅಲ್ಲಿ ದುಡಿದವರ ಮಕ್ಕಳು ಎಷ್ಟೋ ಮಂದಿ ಇಂದು ಅದೇ ಜಾಗದಲ್ಲೆದ್ದ ಗೋಪುರಗಳಿಗೆ ರಾತ್ರಿಪಾಳಿಯ ಕಾವಲುಗಾರರು. ಭಿವಂಡಿಯ ಮಗ್ಗಗಳಲ್ಲಿ ಹನ್ನೆರಡು ತಾಸಿನ ಪಾಳಿ ಇನ್ನೂ ನಡೆದಿದೆ. ನಿದ್ದೆಯಿಲ್ಲದ ರಾತ್ರಿಯೂ ಕಿವಿ ಕಿವುಡಾಗುವ ಸದ್ದೂ ಒತ್ತಡಕ್ಕೆ ಇಂಬು ಕೊಡುವಂಥವೇ.

ಇನ್ನು ಮಾಲಕರ ಮಾತು. "ಉಪ್ಪುಂಡ ಮನೆಗೆ ಎರಡು ಬಗೆಯಬೇಡಿ" ಎನ್ನುತ್ತಾರೆ. ಒಳ್ಳೆಯದು, ಆ ಉಪ್ಪಿನ ಲೆಕ್ಕವನ್ನೇ ನೋಡೋಣ. ಇ.ಎಸ್.ಐ. ಕಾಯಿದೆ 1948ರಲ್ಲೇ ಬಂತು. 2017ರಲ್ಲಿ ಅದರ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈಯಿಂದ ನೂರು ರೂಪಾಯಿ ಸಂಬಳಕ್ಕೆ ಕೆಲಸಗಾರನ ವಂತಿಗೆ 75 ಪೈಸೆ, ಮಾಲಕರದು ಮೂರೂಕಾಲು ರೂಪಾಯಿ. ಪಾರ್ಶ್ವವಾಯುವಿನಂಥ ದೀರ್ಘ ಕಾಯಿಲೆ ಬಡಿದರೆ, ನಿಯಮದಷ್ಟು ಕಾಲ ವಂತಿಗೆ ಸಲ್ಲಿದವನಿಗೆ, ಸಂಬಳದ ನೂರಕ್ಕೆ 80ರಂತೆ ಎರಡು ವರ್ಷದವರೆಗೆ ಹಣ ಸಿಗುತ್ತದೆ. ಭಟ್ಟರ ಸಂಬಳ 18,000. ತಿಂಗಳಿಗೆ 14,400ರಂತೆ ಎರಡು ವರ್ಷಕ್ಕೆ 3,45,600 ರೂಪಾಯಿ ಅವರ ಮನೆಗೆ ಹೋಗಬೇಕಿತ್ತು. ಹೋದದ್ದು ಐದು ಸಾವಿರ! ಯಾಕೆ? ಹಾಜರಿ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ಎರಡು ಬಗೆದವರು ಯಾರು, ಓದುಗರೇ ಹೇಳಲಿ.

ಆದರೆ ತಪ್ಪನ್ನೆಲ್ಲ ಮಾಲಕರ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳಲಾಗದು. ಹಾಜರಿ ಪುಸ್ತಕ ನೋಡಬೇಕೆಂದು ಹತ್ತೊಂಬತ್ತು ವರ್ಷದಲ್ಲಿ ನಾವು ಒಮ್ಮೆಯೂ ಕೇಳಲಿಲ್ಲ. ಸಂಘದ ವಾರ್ಷಿಕೋತ್ಸವಕ್ಕೆ ಶಾಲು, ಹಾರ, ಫಲಪುಷ್ಪಗಳಿಗೆ ಹಣ ಸುರಿಯುತ್ತೇವೆ. ಎರಡು ಸಾವಿರದ ಆಸುಪಾಸಿಗೆ ಸಿಗುವ ಬಿ.ಪಿ. ನೋಡುವ ಯಂತ್ರ ನಮ್ಮ ಕಚೇರಿಯಲ್ಲಿಲ್ಲ. ನಾಚಿಕೆಯ ಮಾತಲ್ಲವೇ? ಇನ್ನು ಕೆಲವು ಬಂಧುಗಳಿಗೆ ರೋಗ ಗೊತ್ತಾಗಿದೆ, ಮಾತ್ರೆಯೂ ಸಿಕ್ಕಿದೆ. ಎರಡು ತಿಂಗಳಲ್ಲಿ "ಇಳಿಯಿತು" ಎಂದು ತಾವೇ ಬಿಟ್ಟುಬಿಡುತ್ತಾರೆ. ಇಳಿದದ್ದು ಮಾತ್ರೆಯ ದೆಸೆಯಿಂದ. ಬಿಟ್ಟರೆ ಮತ್ತೆ ಏರುತ್ತದೆ. ವೈದ್ಯರನ್ನು ಕೇಳದೆ ಬಿಡಕೂಡದು.

ಆದ್ದರಿಂದ ನಾವು ಮಾಡಬೇಕಾದದ್ದು ಇಷ್ಟು.

ಮೂವತ್ತು ದಾಟಿದ ಪ್ರತಿಯೊಬ್ಬರೂ ಒತ್ತಡ ನೋಡಿಸಿಕೊಳ್ಳಿರಿ. ಪಾಲಿಕೆಯ ದವಾಖಾನೆಯಲ್ಲಿ ಇದಕ್ಕೆ ಹಣವಿಲ್ಲ. ಅದಕ್ಕೆ ಮುಂಚೆ ಅರ್ಧ ತಾಸು ಬೀಡಿ, ಚಹಾ ಬೇಡ. ಐದು ನಿಮಿಷ ಸುಮ್ಮನೆ ಕುಳಿತಿದ್ದು ಆಮೇಲೆ ತೋಳು ಕೊಡಿರಿ.

ಅಡಿಗೆಯ ಭಟ್ಟರೇ, ಉಪ್ಪು ಹಾಕುವ ಕೈ ನಿಮ್ಮದೇ. ಜತೆಗಾರರ ಪಾಲಿನ ಸಾಂಬಾರನ್ನೂ ಪಲ್ಯವನ್ನೂ ಮೊದಲೇ ಬೇರೆ ತೆಗೆದಿಡಿರಿ, ಉಪ್ಪು ಕಡಿಮೆ ಹಾಕಿರಿ. ಉಪ್ಪಿಗಿಂತ ರುಚಿಯಿಲ್ಲ ಎಂಬುದು ನಿಜ. ಹದಿನೈದು ದಿನ ಸಪ್ಪೆಯೆನಿಸೀತು, ಆಮೇಲೆ ನಾಲಗೆಗೆ ಅದೇ ರೂಢಿಯಾದೀತು.

ಯಾರದ್ದಾದರೂ ಬಾಯಿ ಒಂದು ಕಡೆಗೆ ವಾರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಎಣ್ಣೆ ತಿಕ್ಕುತ್ತ ಕೂರಬೇಡಿರಿ. 108ಕ್ಕೆ ಫೋನು ಮಾಡಿ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು.

ಸಂಘವು ಈ ತಿಂಗಳಲ್ಲೇ ಯಂತ್ರ ಕೊಂಡು ಪ್ರತಿ ಹೋಟೆಲಿಗೆ ಹೋಗಬೇಕು. ಜತೆಗೆ ಹಾಜರಿ ಪುಸ್ತಕವನ್ನೂ ನೋಡಬೇಕು. ಎಲ್ಲರ ಹೆಸರು, ಎಲ್ಲರ ಕೈಯಲ್ಲಿ ಇ.ಎಸ್.ಐ. ಕಾರ್ಡು, 2017ರ ಮಹಾರಾಷ್ಟ್ರ ಅಂಗಡಿ ಕಾಯಿದೆ ಹೇಳುವ ವಾರದ ಒಂದು ದಿನದ ರಜೆ: ಈ ಮೂರನ್ನು ನಾವು ಬೇಡುವುದಲ್ಲ, ಕೇಳಿ ಪಡೆಯುವುದು.

ಭಟ್ಟರು ಊರಲ್ಲಿ ಈಗ ಎಡಗೈಯಲ್ಲಿ ಉಣ್ಣಲು ಕಲಿಯುತ್ತಿದ್ದಾರೆ. ಉಂಡ ಉಪ್ಪಿನ ಋಣವನ್ನು ಅವರು ಬಲಗೈ ಕೊಟ್ಟು ತೀರಿಸಿದರು. ಅವರ ಕಾವಲಿಯ ಮುಂದೆ ಈಗ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ನಿಂತಿದ್ದಾನೆ. ಅವನ ಹೆಸರು ಹಾಜರಿ ಪುಸ್ತಕದಲ್ಲಿ ಉಂಟೇ? ನಾಳೆ ಬೆಳಿಗ್ಗೆ ಮೊದಲು ಅದನ್ನು ಕೇಳೋಣ.